ಮಾದರಿ ಕರೆ

ಮೊನ್ನೆ ಮಗಳಿಗೆಂದು ಹೊಸ ಹೆಡ್‌ಫೋನ್ ತರಿಸಿದ್ದೆ. ಡಬ್ಬಿ ಬಿಚ್ಚಿದಾಗ ಕಿವಿಗೆ ಒತ್ತುವ ಸ್ಪಂಜಿನಿಂದ ಒಂದು ವಾಸನೆ ಬಂತು... ಮದುವೆಗೆ ಮುಂಚೆ ನನ್ನ ಕೂದಲಿಗೆಲ್ಲ ಹತ್ತಿಕೊಂಡಿರುತ್ತಿದ್ದ ವಾಸನೆ. ಅದರ ಹಿಂದೆಯೇ ಮೇಡಂ ನೆನಪಾದರು.

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಮಿಕ್ಸಿ, ಗ್ರೈಂಡರ್ ಕೆಟ್ಟವರು ಫೋನ್ ಮಾಡಿದರೆ ದೂರು ಬರೆದುಕೊಳ್ಳುವುದು ನಮ್ಮ ಕೆಲಸ. ನಾವೆಲ್ಲ ಸುತ್ತಮುತ್ತಲ ಹುಡುಗಿಯರು. ನಮಗೆ ಮಾತು ಕಲಿಸಲು ಇದ್ದವರು ಮೇಡಂ. ಸರಸ್ವತಿ ನಗರದಿಂದ ಸ್ಕೂಟಿಯಲ್ಲಿ ಬರುತ್ತಿದ್ದರು. ಇಸ್ತ್ರಿ ಮುರಿಯದ ಕಾಟನ್ ಸೀರೆ, ರೇಡಿಯೋದವರಂಥ ಕನ್ನಡ. ಅವರು ಮಾತಾಡುವುದನ್ನು ಕೇಳುತ್ತಾ ಕೂರಬೇಕೆನಿಸುತ್ತಿತ್ತು, ನಿಜ.

ಆದರೆ ಯಾರ ಬಾಯಿಂದಲಾದರೂ ‘ಐತೆ’ ಬಂತೋ, ಮುಗಿಯಿತು. ಎಲ್ಲರೆದುರು ಎದ್ದು ನಿಂತು, ‘ಇದೆ’ ಎಂದು ಸರಿಯಾಗಿ ಬರುವವರೆಗೂ ಹೇಳುತ್ತಲೇ ಇರಬೇಕಿತ್ತು.

ಹಾಗೆ ಎಲ್ಲರಿಗಿಂತ ಹೆಚ್ಚು ನಿಂತವಳು ನನ್ನ ಪಕ್ಕದ ಸೀಟಿನವಳು. ಕೊಕ್ಕನೂರಿನಿಂದ ಹರಿಹರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದಳು. ಅಪ್ಪ ಅಮ್ಮ ಬೇರೆಯವರ ಗದ್ದೆಗೆ ಕೂಲಿಗೆ ಹೋಗುತ್ತಿದ್ದರು. ಒಂದು ದಿನ ಮೇಡಂ ಅವಳನ್ನು ‘ಐತಕ್ಕ’ ಎಂದರು. ಅಂದಿನಿಂದ ಇಡೀ ಆಫೀಸಿಗೆ ಅವಳು ಐತಕ್ಕನಾದಳು. ಅವಳೂ ಹಟಕ್ಕೆ ಬಿದ್ದು ಕಲಿತಳು. ಕೊನೆಗೆ ಅವಳ ಕನ್ನಡ ಎಷ್ಟು ತಿದ್ದಿಹೋಯಿತೆಂದರೆ, “ಮನ್ಯಾಗೂ ಹಿಂಗೇ ಮಾತಾಡ್ತೀನಂತೆ. ನಮ್ಮಪ್ಪ ‘ಬರ್ರಿ ಮೇಡಂ, ಕೂಡ್ರಿ’ ಅಂತಾನೆ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ ನಕ್ಕಿದ್ದಳು.

ಕೆಲಸದ ಹೊತ್ತಿನಲ್ಲಿ ನಮ್ಮ ಮೊಬೈಲುಗಳನ್ನು ಮೇಡಂ ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅದಕ್ಕೇ ಅವಳು ಮನೆಯಲ್ಲಿ, ತೀರಾ ಅರ್ಜೆಂಟಿದ್ದರೆ ಮಾಡಿ ಎಂದು ಗ್ರಾಹಕರು ದೂರು ಹೇಳುವ ಆಫೀಸಿನ ನಂಬರನ್ನೇ ಕೊಟ್ಟಿದ್ದಳು.

ಒಂದು ಸಂಜೆ ಅವಳ ಕೈಗೆ ಮೊಬೈಲು ಬಂದಾಗ ಅದರ ತುಂಬ ಅಮ್ಮನ ಮಿಸ್ಡ್ ಕಾಲುಗಳಿದ್ದವು. ಮಧ್ಯಾಹ್ನ ಗದ್ದೆಯಲ್ಲಿ ಅಪ್ಪನಿಗೆ ಎದೆನೋವು ಬಂದಿತ್ತು. ಹರಿಹರದ ಆಸ್ಪತ್ರೆಗೆ ತಂದಿದ್ದರು. ಇವಳು ತಲುಪುವ ಹೊತ್ತಿಗೆ ಹೆಣವನ್ನು ಊರಿಗೆ ಸಾಗಿಸಿ ಆಗಿತ್ತು... ದಾವಣಗೆರೆಯಿಂದ ಹರಿಹರ ಎಷ್ಟು ದೂರ? ಸುದ್ದಿ ಮುಟ್ಟಿದ್ದರೆ ಜೀವ ಇರುವಾಗಲೇ ನೋಡಬಹುದಿತ್ತು. ಆಫೀಸಿಗೂ ಫೋನ್ ಮಾಡಿದ್ದೆ, ಎತ್ತಿದವರು ಯಾರೋ ನಿನ್ನನ್ನು ಕರೆಯಲಿಲ್ಲ ಎಂದು ಅಮ್ಮ ಅತ್ತಳಂತೆ.

ಕಾರ್ಯ ಮುಗಿಸಿ ಅವಳು ಮತ್ತೆ ಕೆಲಸಕ್ಕೆ ಬಂದ ದಿನ ಸೋಮವಾರ. ಯಾಕೆ ರಜೆ ಹಾಕಿದ್ದಳೆಂದು ಮೇಡಂ ಕೇಳಲೇ ಇಲ್ಲ. ಸೋಮವಾರ ಬೆಳಿಗ್ಗೆ ಮೇಡಂ ಕ್ಲಾಸಿರುತ್ತಿತ್ತು. ಹುಡುಗಿಯರು ಸಾಲದೆ ಬಂದ ದಿನಗಳಲ್ಲಿ ಮೇಡಂ ತಾವೇ ಕೂತು ಫೋನ್ ತೆಗೆದುಕೊಳ್ಳುತ್ತಿದ್ದರು. ಅಂಥದೊಂದು ಕರೆಯ ರೆಕಾರ್ಡಿಂಗನ್ನು ಅಂದು ಸ್ಪೀಕರಿಗೆ ಹಾಕಿದರು. “ಇದು ಮಾದರಿ ಕರೆ. ಆ ಕಡೆಯವರಿಗೆ ಒಂದು ನಮಸ್ಕಾರ ಹೇಳುವಷ್ಟೂ ಸಂಸ್ಕಾರ ಇಲ್ಲ. ನಾನು ಹೇಗೆ ನಿಭಾಯಿಸಿದ್ದೇನೆ, ಗಮನಿಸಿ” ಎಂದರು.

“ತಾಯೀ, ನನ್ ಮಗಳನ್ನ ಒಂಚೂರು ಕರೀರಿ. ಅವರಪ್ಪಗೆ ಎದಿ ಹಿಡಕಂಡೈತೆ...”

“ಕ್ಷಮಿಸಿ ಅಮ್ಮಾ, ಇಲ್ಲಿ ವೈಯಕ್ತಿಕ ಕರೆಗಳನ್ನು ಸ್ವೀಕರಿಸುವುದಿಲ್ಲ. ನಿಮ್ಮ ಮಿಕ್ಸಿಗೆ ಸಂಬಂಧಿಸಿದ ದೂರು ಏನಾದರೂ ಇದೆಯೇ?”

“ಮಿಕ್ಸಿ ಗಿಕ್ಸಿ ಬ್ಯಾಡವ್ವಾ...”

ಕ್ಲಾಸಿನಲ್ಲಿ ನಗು ಎದ್ದಿತು. ಆ ನಗುವಿನ ಅಡಿಯಲ್ಲಿ, ಹೆಂಗಸಿನ ಹಿಂದಿನಿಂದ, ಒಬ್ಬ ಗಂಡಸು ಕ್ಷೀಣವಾಗಿ ಏನೋ ಅಂದದ್ದು ಕೇಳಿಸಿತು. ಅದರ ಮೇಲೆಯೇ ಮೇಡಂ ದನಿ: “ಕರೆ ಮಾಡಿದ್ದಕ್ಕೆ ಧನ್ಯವಾದಗಳು. ನಿಮ್ಮ ದಿನ ಶುಭವಾಗಿರಲಿ.”

ನನ್ನ ಪಕ್ಕದವಳು ಎದ್ದು ನಿಂತಳು.

“ಮೇಡಂ, ದಯವಿಟ್ಟು ಇನ್ನೊಮ್ಮೆ ಹಾಕುತ್ತೀರಾ?”

ಕಲಿಯುವ ಆಸೆ ಎಂದುಕೊಂಡರೋ ಏನೋ, ಮೇಡಂ ಖುಷಿಯಿಂದ ಮತ್ತೆ ಹಾಕಿದರು. ಅವಳು ಮುಂದೆ ಹೋಗಿ ಸ್ಪೀಕರಿಗೆ ಕಿವಿ ತಾಗಿಸಿದಳು. ‘ಮಿಕ್ಸಿ ಗಿಕ್ಸಿ’ ಬಂದಾಗ ಹಿಂದಿನ ಬೆಂಚಿನಿಂದ ಯಾರೋ ಮತ್ತೆ ನಕ್ಕರು. ಕರೆ ಮುಗಿಯಿತು.

“ಇನ್ನೊಂದ್ಸಲ ಹಾಕ್ರಿ ಮೇಡಂ. ನಮ್ಮಪ್ಪಂದು ದನಿ ಐತೆ ಅದ್ರಾಗೆ.”

ಈ ಸಲ ಯಾರೂ ನಗಲಿಲ್ಲ. ಮೇಡಂ ಕೈ ಮೌಸಿನ ಮೇಲೇ ಇತ್ತು. “ಇದು ಕಂಪನಿಯ ರೆಕಾರ್ಡಿಂಗ್. ಯಾರಿಗೂ ಕೊಡುವಂತಿಲ್ಲ” ಎಂದರು.

“ಕೊಡಬ್ಯಾಡ್ರಿ. ಕೇಳಸ್ರಿ, ಸಾಕು.”

“ಕೇಳಿಸಿ, ಅನ್ನಬೇಕು.”

ಅಷ್ಟು ವರ್ಷದ ಅಭ್ಯಾಸ, ಬಾಯಿಂದ ತಾನಾಗಿಯೇ ಬಂದಿರಬೇಕು. ಮೇಡಂ ಮುಖ ಬಿಳಿಚಿಕೊಂಡಿತ್ತು. ಆದರೂ ಅವರು ಕರೆಯನ್ನು ಮತ್ತೆ ಹಾಕಲಿಲ್ಲ. ಗ್ರಾಹಕರನ್ನು ಕಾಯಿಸುವಾಗ ಹೇಗೆ ಮಾತಾಡಬೇಕು ಎಂದು ಮುಂದಿನ ಪಾಠ ಶುರುಮಾಡಿದರು. ಅವಳು ಊಟದ ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಮತ್ತೆ ಬರಲಿಲ್ಲ. ಆ ವಾರವೇ ನಾನೊಬ್ಬಳೇ ಹೋಗಿ ಆ ಕರೆಯನ್ನು ಅವಳಿಗಾಗಿ ಕೊಡಿ ಎಂದು ಬೇಡಿಕೊಂಡೆ. ಅಳಿಸಿಬಿಟ್ಟೆ, ಇನ್ನು ಅದರ ಮಾತು ಬೇಡ ಎಂದರು ಮೇಡಂ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಮುಂದೆ ಆ ಆಫೀಸೇ ಮುಚ್ಚಿತು. ಮೇಡಂ ಮೈಸೂರಿನ ಕಡೆ ಹೋದರೆಂದು ಕೇಳಿದ್ದೆ. ಆಮೇಲೆ ಅವರ ಸುದ್ದಿಯಿಲ್ಲ.

ಅವಳು ಮಾತ್ರ ಕಳೆದ ತಿಂಗಳು ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಬ್ಲೌಸ್ ಹೊಲಿಯುತ್ತಾಳಂತೆ. ಮಕ್ಕಳ ವಿಷಯ, ಮನೆಯ ವಿಷಯ ಎಲ್ಲ ಆಯಿತು. ನನ್ನ ಬಸ್ಸು ಹೊರಡುವ ಹೊತ್ತಿಗೆ ಕೈ ಹಿಡಿದುಕೊಂಡಳು.

“ಅವತ್ತು ನೀನೂ ಕೇಳಿದ್ಯಲ್ಲ. ನಮ್ಮಪ್ಪ ಏನಂದಿದ್ದ, ನೆನಪೈತೇನು? ನಂಗೆ ಒಂದೊಂದ್ಸಲ ‘ಬಂದ್ಲೇನು’ ಅಂದಂಗೆ ಅನ್ಸುತ್ತೆ. ಒಂದೊಂದ್ಸಲ ‘ಕರೀಬ್ಯಾಡ ಬಿಡು’ ಅಂದಂಗೆ...”

“ಇಲ್ಲ ಕಣೆ” ಎಂದೆ. ಅವಳು ತಲೆಯಾಡಿಸಿ, ಕೈ ಬಿಟ್ಟಳು.

ಇದನ್ನು ಬರೆಯುವಾಗಲೂ ಕಣ್ಣು ಮುಚ್ಚಿ ಪ್ರಯತ್ನಪಟ್ಟೆ. ಆ ಮನುಷ್ಯನ ದನಿ ಹೋಗಿಬಿಟ್ಟಿದೆ. ಅದರ ಮೇಲೆ ಬಿದ್ದ ಮೇಡಂ ದನಿ ಮಾತ್ರ, ಒಂದಕ್ಷರವೂ ತಪ್ಪದೆ, ಹಾಗೇ ಇದೆ.