ಇಡೀ ಬೀದಿಗೆ ಒಂದೇ ನಂಬರು

ನಮ್ಮ ಬೀದಿಯಲ್ಲಿ ಇಪ್ಪತ್ತೆರಡು ಮನೆ. ಸರ್ಕಾರದ ಪ್ರಕಾರ ಆ ಇಪ್ಪತ್ತೆರಡು ಮನೆಯ ಹೆಂಗಸರಿಗೂ ಇರುವುದು ಒಂದೇ ಮೊಬೈಲ್ ನಂಬರು. ಅದು ನನ್ನದು.

ಯಾರೂ ಮೋಸ ಮಾಡಿದ್ದಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ಮದುವೆಯಾಗಿ ಟಿ. ನರಸೀಪುರದ ಹತ್ತಿರದ ಈ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಶಾಲೆಯ ಜಗಲಿಯಲ್ಲಿ ಆಧಾರ್ ಕ್ಯಾಂಪ್ ಹಾಕಿದ್ದರು. ಮದುವೆಗೆ ಮುಂಚೆ ನಂಜನಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿದ್ದವಳು ನಾನು. ಅರ್ಜಿ ತುಂಬುವುದೆಂದರೆ ನನಗೆ ನೀರು ಕುಡಿದಷ್ಟು ಸಲೀಸು. ಹೊಸ ಸೊಸೆಗೆ ಓದು ಬರಹ ಬರುತ್ತದೆ ಎಂದು ತೋರಿಸುವ ಚಪಲ ಬೇರೆ. ಪೆನ್ನು ಹಿಡಿದು ಕೂತುಬಿಟ್ಟೆ. ಮೊಬೈಲ್ ನಂಬರಿನ ಜಾಗ ಬಂದಾಗ ಮೊದಲನೆಯ ಅಜ್ಜಿ ನನ್ನ ಮುಖ ನೋಡಿದಳು. "ನಂಗೆಲ್ಲದೆ ಕೂಸು ಪೋನು? ನಿಂದೇ ಆಕ್ಬುಡು" ಅಂದಳು. ಹಾಕಿದೆ. ಹಿಂದಿದ್ದವಳು, "ನಂದ್ಕೂ ಅದ್ನೇ ಆಕವ್ವ" ಅಂದಳು. ಗಂಡಸರ ಹತ್ತಿರ ಫೋನಿತ್ತು, ಆದರೆ ಅವರು ತಿಂಗಳಿಗೊಂದು ಸಿಮ್ ಬದಲಾಯಿಸುವವರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಮುದುಕಿಯರು, ಸೊಸೆಯರು, ಶಾಲೆಗೆ ಹೋಗುವ ಹೆಣ್ಣುಮಕ್ಕಳು ಎಲ್ಲರೂ ನನ್ನ ಹತ್ತು ಅಂಕಿಗೆ ಬಂದು ಸೇರಿದ್ದರು. ಅವತ್ತು ನನ್ನಷ್ಟು ಬೀಗಿದವರು ಯಾರೂ ಇರಲಿಲ್ಲ.

ಬದನವಾಳು ಕಡೆಯ ತವರಿನಲ್ಲಿರುವ ಅವ್ವನ ರೇಷನ್ ಕಾರ್ಡಿಗೂ ನಾನೇ ನನ್ನ ನಂಬರು ಹಾಕಿಸಿದ್ದೆ. ಅವ್ವ ವರ್ಷಗಟ್ಟಲೆ ಖಾದಿ ಕೇಂದ್ರದಲ್ಲಿ ನೂಲು ತೆಗೆದವಳು. ನೂಲಿಗೋ ವಯಸ್ಸಿಗೋ, ಅವಳ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಮಿಷಿನ್ನು ಒಪ್ಪುವುದಿಲ್ಲ. ಹೆಬ್ಬೆಟ್ಟು ಒಪ್ಪದಿದ್ದರೆ ಮೊಬೈಲಿಗೆ ಓಟಿಪಿ ಬರುತ್ತದೆ. ಹೀಗಾಗಿ ಪ್ರತಿ ತಿಂಗಳು ಅವ್ವ ಅಂಗಡಿಯವನ ಫೋನಿನಿಂದ ನನಗೆ ಮಾಡುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ಆದರೆ ನನ್ನ ನಂಬರನ್ನು ಸೋಬಾನೆ ಪದದ ಹಾಗೆ ಎಳೆದು ಎಳೆದು ಬಾಯಿಪಾಠ ಮಾಡಿದ್ದಳು. ಅವಳು ಹೇಳುತ್ತಿದ್ದರೆ ಅಂಗಡಿಯವನು ಒತ್ತುತ್ತಿದ್ದ.

"ಬಂತಾ ಕೂಸು?"

"ಬಂತು ಕಣವ್ವ, ಬರ್ಕೊಳಕ್ಕೆ ಯೋಳು."

ಅಂಕಿ ಹೇಳಿಯಾದ ಮೇಲೆ ಅರ್ಧ ನಿಮಿಷ ಮಾತು. ಉಂಡ್ಯಾ, ಮಳೆ ಬಂತಾ, ಅಷ್ಟೇ. ಅದೇ ಮಾತಿನಲ್ಲಿ ನಾನು ಜಂಬವನ್ನೂ ಕೊಚ್ಚಿಕೊಂಡಿದ್ದೆ: "ನಿಂದೊಂದೇ ಅಲ್ಲ ಕಣವ್ವ, ಇಡೀ ಬೀದಿದು ನನ್ನ ಪೋನ್ಗೇ ಬತ್ತದೆ. ಒಂದು ಸೊಳ್ಳೆ ಕಚ್ಚುದ್ರೂ ನಂಗೆ ಗೊತ್ತಾಯ್ತದೆ."

ಜಂಬ ಇಳಿಯಲು ಬಹಳ ದಿನ ಹಿಡಿಯಲಿಲ್ಲ. ತಲೆಗೆ ನೀರು ಹಾಕಿಕೊಳ್ಳುವಾಗ ಬಚ್ಚಲ ಬಾಗಿಲು ಬಡಿದು "ಓಟಿಪಿ ಬಂತೇನಕ್ಕ" ಎನ್ನುತ್ತಾರೆ. ಗೃಹಲಕ್ಷ್ಮಿ ಬಂತಾ, ಗ್ಯಾಸ್ ಬುಕ್ ಆಯ್ತಾ ಎಂದು ಕೇಳಲು ಬಂದವರು ನನ್ನ ಫೋನನ್ನು ತಾವೇ ತೆಗೆದು ನೋಡುತ್ತಾರೆ. ಎಲೆ ಅಡಿಕೆ ಹಾಕಿದ ಬೆರಳು ಪರದೆಯ ಮೇಲೆಲ್ಲ ಓಡಾಡುತ್ತದೆ. ತವರಿಗೆ ಹೋಗಿ ಎರಡು ದಿನ ನಿಂತಾಗ ಫೋನಿನ ಚಾರ್ಜು ಮುಗಿದರೆ ಇಲ್ಲಿ ಯಾರದೋ ಅಕ್ಕಿ ನಿಂತಿರುತ್ತದೆ. ಪ್ರತಿ ಓಟಿಪಿಯ ಕೊನೆಗೂ "ಇದನ್ನು ಯಾರಿಗೂ ಹೇಳಬೇಡಿ" ಎಂದು ಬರೆದಿರುತ್ತದೆ. ನಾನು ಅದನ್ನು ಜಗಲಿಯ ಮೇಲೆ ನಿಂತು ಆರನೇ ಮನೆಗೆ ಕೇಳುವ ಹಾಗೆ ಕೂಗಿ ಹೇಳುತ್ತೇನೆ. ಗುಟ್ಟು ಕಾಪಾಡಿಕೊಳ್ಳಿ ಎಂದು ಉಪದೇಶ ಮಾಡುವ ಸರ್ಕಾರಕ್ಕೆ, ಒಬ್ಬೊಬ್ಬರಿಗೂ ಒಂದೊಂದು ಗುಟ್ಟು ಇಟ್ಟುಕೊಳ್ಳುವ ಅನುಕೂಲ ಇರಬೇಕಲ್ಲ ಎಂದು ಹೊಳೆಯಲೇ ಇಲ್ಲ. ನಂಬರು ಬದಲಾಯಿಸೋಣವೆಂದರೆ, ಎಲ್ಲರನ್ನೂ ಬಸ್ಸು ಹತ್ತಿಸಿ ನರಸೀಪುರಕ್ಕೆ ಕರೆದೊಯ್ದು ಕ್ಯೂ ನಿಲ್ಲಿಸಬೇಕು. ನಡೆಯಲಾರದ ಅಜ್ಜಿಯರೇ ಐದು ಜನ ಇದ್ದಾರೆ. ಸಾಯುವವರೆಗೂ ನನಗೆ ಈ ನಂಬರೇ ಗತಿ ಎಂದುಕೊಂಡೆ.

ಹೀಗಿರುವಾಗ ಒಂದು ಬೆಳಿಗ್ಗೆ, ರೊಟ್ಟಿ ತಟ್ಟುತ್ತಿದ್ದಾಗ ಆ ಮೆಸೇಜು ಬಂತು. ಕ್ಷಯರೋಗದ ಚಿಕಿತ್ಸೆಗೆ ಹೆಸರು ನೋಂದಣಿಯಾಗಿದೆ, ಮಾತ್ರೆ ತಪ್ಪಿಸಬೇಡಿ ಎಂದಿತ್ತು. ಹೆಸರು ಎದುರು ಮನೆಯ ಹುಡುಗಿಯದು. ಅವಳ ಆಧಾರಿನ ಜೊತೆ ನನ್ನ ನಂಬರೇ ಆಸ್ಪತ್ರೆಗೂ ಹೋಗಿತ್ತು. ನರಸೀಪುರದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ, ನನ್ನ ಗಂಡನಿಗೆ ದೊಡ್ಡಪ್ಪನ ಮಗಳು, ನನ್ನನ್ನು ಅತ್ತಿಗೆ ಅನ್ನುವವಳು. ಹಿಟ್ಟಿನ ಕೈಯಲ್ಲೇ ಫೋನು ಎತ್ತಿಕೊಂಡು ಒಳಕೋಣೆಗೆ ಹೋದೆ. ಸಂಜೆ ಬಸ್ಸಿಳಿದು ಬಂದವಳಿಗೆ ತೋರಿಸಿದೆ. ಓದಿ, ಬಾಗಿಲು ಮುಂದಕ್ಕೆ ಎಳೆದಳು.

"ಆರು ತಿಂಗ್ಳು ಮಾತ್ರೆ ತಕಂಡ್ರೆ ಪೂರ್ತಿ ವಾಸಿ ಅಂದವ್ರೆ ಅತ್ತಿಗೆ. ನಮ್ಮವ್ವಂಗೂ ನಂಗೂ ಬುಟ್ರೆ ಯಾರ್ಗೂ ಗೊತ್ತಿಲ್ಲ."

"ಈಗ ನಂಗೂ ಗೊತ್ತಾಯ್ತಲ್ಲ. ಓಗ್ಲಿ ಬುಡು" ಎಂದು ಅವಳ ಎದುರಿಗೇ ಅಳಿಸಿದೆ. ಆಮೇಲೆ ಆರು ತಿಂಗಳು ಅವಳ ಮೆಸೇಜು ಬಂದಾಗಲೆಲ್ಲ ಓದಿ, ಅವಳಿಗೆ ಹೇಳಿ, ಅಳಿಸುವುದು ನನ್ನ ಕೆಲಸವಾಯಿತು. ಜಗಲಿಯ ಮೇಲೆ ಬೇರೆಯವರು ನನ್ನ ಫೋನು ಮುಟ್ಟಿದರೆ ಏನಾದರೂ ನೆಪ ಹೇಳಿ ಕಿತ್ತುಕೊಳ್ಳುತ್ತಿದ್ದೆ. ಕೊನೆಗೆ ಕಫ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು. ಇಬ್ಬರೂ ಹಿತ್ತಿಲಲ್ಲಿ ಕೂತು ಒಂದಿಷ್ಟು ಅತ್ತು, ಕಾಫಿ ಕುಡಿದೆವು. ನನ್ನ ಪಾಡಿಗೆ ಅದು ಅಲ್ಲಿಗೆ ಮುಗಿದ ಕತೆ.

ಎರಡು ತಿಂಗಳಿಗೆ ನಮ್ಮತ್ತೆ ಅದೇ ಹುಡುಗಿಯನ್ನು ನನ್ನ ತಮ್ಮನಿಗೆ ತರಬಾರದೇಕೆ ಎಂದರು. ತಮ್ಮ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ನೋಡಿ ಬಂದ, ಒಪ್ಪಿದ. ನನ್ನ ನಿದ್ದೆ ಹಾರಿಹೋಯಿತು.

ಯಾಕೆಂದರೆ ನನಗೆ ಅವ್ವನ ಭಯ ಗೊತ್ತು. ಅವ್ವನ ತಂಗಿ, ನನ್ನ ಚಿಕ್ಕವ್ವ, ಇದೇ ಕಾಯಿಲೆಯಲ್ಲಿ ಸತ್ತವಳು. ಆಗ ನಾನು ಚಿಕ್ಕವಳು. ಚಿಕ್ಕವ್ವನನ್ನು ಕೊಟ್ಟಿಗೆಯಲ್ಲಿ ಮಲಗಿಸಿದ್ದರು. ಅವ್ವ ಊಟದ ತಟ್ಟೆಯನ್ನು ಕೊಟ್ಟಿಗೆಯ ಹೊಸ್ತಿಲಲ್ಲಿಟ್ಟು ಕೋಲಿನಿಂದ ಒಳಕ್ಕೆ ತಳ್ಳುತ್ತಿದ್ದಳು. ಆ ಕೋಲು ಸರಿದ ಸದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಟಿಬಿ ಎಂಬ ಎರಡಕ್ಷರ ಕಿವಿಗೆ ಬಿದ್ದರೆ ಸಾಕು, ಅವ್ವ ಈ ಸಂಬಂಧಕ್ಕೆ ಎಳ್ಳು ನೀರು ಬಿಡುತ್ತಾಳೆ. ಅಷ್ಟಕ್ಕೇ ನಿಲ್ಲುವುದಿಲ್ಲ, ಹುಡುಗಿಯ ಹೆಸರು ಎರಡು ತಾಲ್ಲೂಕಿನಲ್ಲಿ ಕೆಡುತ್ತದೆ. ಹೇಳಿದರೆ ಹುಡುಗಿ ಹಾಳು, ಹೇಳದಿದ್ದರೆ ಅವ್ವನಿಗೆ ದ್ರೋಹ. ಅತ್ತ ದರಿ, ಇತ್ತ ಪುಲಿ.

ಮೊದಲು ನಾನೇ ತಿಳಿದುಕೊಳ್ಳೋಣವೆಂದು ಫೋನಿನಲ್ಲಿ ಹುಡುಕಿದೆ: ಟಿಬಿ ವಾಸಿಯಾದವರು ಮದುವೆ ಆಗಬಹುದಾ? ಆಗಬಹುದು, ಪೂರ್ತಿ ವಾಸಿಯಾದವರಿಂದ ಹರಡುವುದಿಲ್ಲ ಎಂದು ಡಾಕ್ಟರುಗಳು ಸಾಲಾಗಿ ಬಂದು ಹೇಳಿದರು. ಮನಸ್ಸು ಹಗುರವಾಯಿತು. ಆದರೆ ಫೋನು ಬಿಡಬೇಕಲ್ಲ. ಒಂದು ಸಲ ಕೇಳಿದ್ದಕ್ಕೆ ದಿನವೂ ಕೆಮ್ಮುವವರ ವಿಡಿಯೋ ತಂದು ತಂದು ಸುರಿಯತೊಡಗಿತು. ನನ್ನ ಗಂಡ ಕುಸ್ತಿ ನೋಡಲು ಫೋನು ತೆಗೆದುಕೊಂಡವನು ಶ್ವಾಸಕೋಶದ ಚಿತ್ರ ನೋಡಿ ಗಾಬರಿಯಾದ.

"ಇದೇನಮ್ಮಿ ಬರೀ ಕೆಮ್ಮು ಕಫನೇ ಬತ್ತಾದೆ? ನಿಂಗೇನಾರ ಆಗದಾ?"

ಎದುರು ಮನೆ ಕಡೆಗೆ ಅವನ ಯೋಚನೆ ಹೋಗದಿದ್ದರೆ ಸಾಕಾಗಿತ್ತು. "ವಸಿ ಕೆಮ್ಮು ಐತೆ" ಅಂದೆ. ಮಾರನೇ ದಿನವೇ ನರಸೀಪುರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಇಲ್ಲದ ಕಾಯಿಲೆಗೆ ಇಲ್ಲದ ಕಫ ಕ್ಯಾಕರಿಸಿ ಡಬ್ಬಿಗೆ ಉಗಿದು ಕೊಟ್ಟೆ. ಮೊಬೈಲ್ ನಂಬರು ಹೇಳಿ ಎಂದರು. ಹೇಳಿದೆ. ನನಗೆ ಏನೂ ಇಲ್ಲ ಎನ್ನುವ ಮೆಸೇಜನ್ನು ಪಕ್ಕದ ಮನೆಯವಳು ನನಗಿಂತ ಮುಂಚೆ ಓದಿ, "ಸದ್ಯ, ಬದುಕ್ಕಂಡೆ" ಅಂದಳು. ಆಮೇಲೂ ಒಂದು ವಾರ ಅವಳು ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ. ವಿಜ್ಞಾನ ಎಷ್ಟು ಮುಂದುವರಿದರೂ ಪಕ್ಕದ ಮನೆಯ ಲೋಟದ ಹತ್ತಿರ ಬಂದು ನಿಂತುಬಿಡುತ್ತದೆ.

ಹುಡುಗಿಯನ್ನು ಹಿತ್ತಿಲಿಗೆ ಕರೆದು, "ನನ್ ತಮ್ಮಂಗೆ ನೀನೇ ಯೋಳ್ಬೇಕು" ಅಂದೆ.

"ನೋಡಕ್ಕೆ ಬಂದ ದಿನವೇ ಯೋಳ್ದೆ ಅತ್ತಿಗೆ. ಡಾಕ್ಟ್ರುನ್ನ ಕೇಳ್ಕಬಂದವ್ರೆ. ಏನೂ ತೊಂದ್ರೆ ಇಲ್ಲ, ಅವ್ವಂಗೊಂದು ಯೋಳ್ಬ್ಯಾಡ ಅಂದವ್ರೆ."

ಅಂದರೆ ಕಟ್ಟಿಕೊಳ್ಳುವವನಿಗೆ ಗೊತ್ತು. ನನ್ನ ತಲೆಯ ಮೇಲಿದ್ದ ಭಾರ ಅರ್ಧ ಇಳಿಯಿತು. ಇನ್ನರ್ಧ ಆ ತಿಂಗಳ ರೇಷನ್ ದಿನ ಬಂತು. ಓಟಿಪಿ ಹೇಳಿದ ಮೇಲೆ ಅವ್ವ ಅಂಗಡಿಯವನಿಗೆ ಫೋನು ವಾಪಸ್ ಕೊಡಲಿಲ್ಲ.

"ಕೂಸು, ನೀನು ಎದುರುಗಡೇಲೇ ಇದ್ದೀಯ. ಊರ್ನೋರ್ ಮಾತು ನಂಗ್ಯಾಕೆ? ನೀನು ಯೋಳು. ಉಡ್ಗೀಗೆ ಕಾಯಿಲೆ ಕಸಾಲೆ ಏನಾರ ಅದಾ?"

ಅದಾ ಎಂದು ಕೇಳಿದಳು. ಇತ್ತಾ ಎಂದು ಕೇಳಲಿಲ್ಲ. ಆ ಸಂದಿಯಲ್ಲಿ ನುಸುಳಿ ಪಾರಾಗಬಹುದೆಂದು ಒಂದು ಗಳಿಗೆ ಅನ್ನಿಸಿತು. ಆದರೆ ಅವ್ವ ಕೇಳಿದ್ದೇನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ಏನೂ ಇಲ್ಲ ಕಣವ್ವ, ಗುಂಡ್ಕಲ್ಲಂಗವ್ಳೆ" ಅಂದೆ. "ನೀನು ಯೋಳುದ್ಮೇಲೆ ಆಯ್ತು ಬುಡು" ಎಂದು ಅವ್ವ ಫೋನು ಇಟ್ಟಳು. ತವರಿನ ಅಂಗಳದಲ್ಲಿ ಬುದ್ಧನ ಪಟದ ಮುಂದೆ ಸರಳವಾಗಿ ಮದುವೆಯಾಯಿತು. ಅವ್ವ ಎಲ್ಲರ ಮುಂದೆ, ಇದು ನನ್ನ ಮಗಳು ಆರಿಸಿದ ಹುಡುಗಿ ಎಂದು ಹೇಳಿಕೊಂಡು ಓಡಾಡಿದಳು. ನಾನು ಬಡಿಸುವ ನೆಪದಲ್ಲಿ ಅವಳ ಕಣ್ಣಿಗೆ ಬೀಳದಂತೆ ತಪ್ಪಿಸಿಕೊಂಡೆ.

ನಾಲ್ಕು ತಿಂಗಳು ಕಳೆದಿರಬೇಕು. ಸೊಸೆಯ ಟ್ರಂಕಿನಲ್ಲಿ ಸೀರೆ ಮಡಚಿಡುವಾಗ ಅವ್ವನಿಗೆ ಹಳೇ ಆಸ್ಪತ್ರೆ ಚೀಟಿ ಸಿಕ್ಕಿತು. ಓದು ಬಾರದಿದ್ದರೂ ಅದರ ಮೇಲಿದ್ದ ಶ್ವಾಸಕೋಶದ ಚಿತ್ರ ಅವಳಿಗೆ ಅರ್ಥವಾಗಿದೆ. ಕೇಳಿದಾಗ ಸೊಸೆ ಮುಚ್ಚಿಡಲಿಲ್ಲ, ಎಲ್ಲ ಹೇಳಿಬಿಟ್ಟಳು. ಎರಡು ದಿನ ಅವ್ವ ಅವಳ ತಟ್ಟೆಯನ್ನು ಬೇರೆ ಇಟ್ಟಳಂತೆ. ಮೂರನೇ ದಿನ ತಾನೇ ಅದನ್ನು ತೊಳೆದು ಉಳಿದ ತಟ್ಟೆಗಳ ಜೊತೆ ಸೇರಿಸಿದಳಂತೆ. ಇದನ್ನು ತಮ್ಮ ಆಮೇಲೆ ಹೇಳಿದ್ದು. ಆ ಮೂರನೇ ದಿನವೇ ಅವನ ಫೋನಿನಿಂದ ಅವ್ವ ನನಗೆ ಕರೆ ಮಾಡಿದಳು.

"ಇಡೀ ಬೀದಿದು ನಿನ್ ಪೋನ್ಗೆ ಬತ್ತದೆ ಅಂತಿದ್ದಲ್ಲ ಕೂಸು. ಇದು ಬರ್ನಿಲ್ವಾ?"

ಬರಲಿಲ್ಲ ಅಂದಿದ್ದರೆ ನಂಬುತ್ತಿದ್ದಳೇನೋ. ಇನ್ನೊಂದು ಸುಳ್ಳು ನನ್ನ ಬಾಯಿಂದ ಹೊರಡಲಿಲ್ಲ.

"ಬಂದಿತ್ತು ಕಣವ್ವ."

"ಅವಳು ಕಂಡೋರ್ ಮನೆ ಉಡ್ಗಿ, ಎದ್ರುಕಂಡು ಮುಚ್ಚಿಟ್ಲು. ನೀನು ಯಾರ್ಗೆ ಎದ್ರುಕಂಡೆ? ನಂಗಾ?" ಅಂದಳು.

ಹೌದು, ನಿನಗೇ, ನಿನ್ನ ಕೋಲಿಗೆ ಎಂದು ಹೇಳಬೇಕೆನ್ನಿಸಿತು. ಹೇಳಿದ್ದರೆ ಅವಳು ಸತ್ತೇಹೋಗುತ್ತಿದ್ದಳು. ಕರೆ ಕಡಿಯಿತು.

ಮುಂದಿನ ರೇಷನ್ ದಿನ ಓಟಿಪಿ ಬಂತು. ಅವ್ವ ಈಗ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿದ್ದಾಳೆ ಎಂದು ಅದರ ಅರ್ಥ. ಫೋನು ಬಂತು, ಆದರೆ ಅಂಗಡಿಯವನ ದನಿ. "ಅಕ್ಕಾ, ಓಟಿಪಿ ಯೋಳಿ." ಹೇಳಿದೆ. "ನಮ್ಮವ್ವಂಗೆ ಕೊಡಣ್ಣ" ಅಂದೆ. ಅವನು ಫೋನನ್ನು ಆ ಕಡೆ ಚಾಚಿದ್ದು ಗೊತ್ತಾಯಿತು. ತಕ್ಕಡಿಯ ಸದ್ದು ಕೇಳಿಸಿತು, ಅವ್ವ ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು. "ಬ್ಯಾಡಂತೆ ಕಣಕ್ಕ" ಅಂದ. ಅದರ ಮುಂದಿನ ತಿಂಗಳೂ ಹಾಗೆಯೇ ಆಯಿತು. ಮಾತಿಲ್ಲದಿದ್ದರೂ ಆ ಆರು ಅಂಕಿ ಬರುತ್ತಿದ್ದವಲ್ಲ, ಅವ್ವ ಎದ್ದು ಓಡಾಡಿಕೊಂಡಿದ್ದಾಳೆ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮೂರನೇ ತಿಂಗಳು ಏನೂ ಬರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಫೋನನ್ನು ಸೆರಗಿನಲ್ಲಿಟ್ಟುಕೊಂಡೇ ಕಾದೆ. ಬೀದಿಯವರೆಲ್ಲರದೂ ಬಂತು. ಹೆದರಿ ತಮ್ಮನಿಗೆ ಮಾಡಿದೆ. ಅವನು ತಡವರಿಸಿದ. ಅವ್ವ ತಾನೇ ಸೊಸೆಯನ್ನು ಕರೆದುಕೊಂಡು ನಂಜನಗೂಡಿಗೆ ಹೋಗಿ, ಬಿಸಿಲಲ್ಲಿ ಕ್ಯೂ ನಿಂತು, ಕಾರ್ಡಿನಿಂದ ನನ್ನ ನಂಬರು ತೆಗೆಸಿ ಸೊಸೆಯದನ್ನು ಹಾಕಿಸಿದ್ದಳು.

ಯಾರ ಗುಟ್ಟು ಕಾಯಲು ಅವ್ವನನ್ನು ಕಳೆದುಕೊಂಡೆನೋ, ಅವ್ವನ ಓಟಿಪಿ ಈಗ ಆ ಹುಡುಗಿಯ ಫೋನಿಗೆ ಹೋಗುತ್ತದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವ್ವನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆದರೂ ಹೊಟ್ಟೆ ಉರಿಯುತ್ತದೆ.

ಮೊನ್ನೆ ನನ್ನ ಗಂಡ, "ಬೀದಿಯೋರೆಲ್ಲ ಈಗ ಪೋನ್ ತಕಂಡವ್ರೆ. ಒಂದಿನ ಗಾಡಿ ಮಾಡ್ಕಂಡು ಎಲ್ರುದೂ ಬದ್ಲಾಯ್ಸುಸ್ಬುಡವ. ನೀನೂ ಒಸ ಸಿಮ್ ತಕಾ, ಈ ರಗಳೆ ಬ್ಯಾಡ" ಅಂದ. ವರ್ಷಗಳಿಂದ ನಾನು ಹಂಬಲಿಸಿದ್ದು ಇದನ್ನೇ. ಬೇಡ ಅಂದೆ. ಯಾಕೆಂದು ಕೇಳಿದ. ಒಲೆ ಕಡೆ ತಿರುಗಿಕೊಂಡೆ.

ಅವ್ವನಿಗೆ ಬಾಯಿಪಾಠ ಬರುವುದು ಇದೊಂದೇ ನಂಬರು.