ಎರಡನೇ ಬದಲಿ ಪೊಲಿಕಾರ್ಪೊ

ಸೈನ್ಯ ಬಂದು ಬೀಗ ಜಡಿಯುವುದಕ್ಕೆ ಮುಂಚಿನ ನಮ್ಮ ಉರುಗ್ವೆಯ ಪ್ರತಿನಿಧಿ ಸಭೆಯಲ್ಲಿ ಒಬ್ಬ ಸದಸ್ಯನೆಂದರೆ ಬರೀ ಒಬ್ಬನಲ್ಲ. ಅವನ ಬೆನ್ನಿಗೆ ಬದಲಿಗಳದ್ದೊಂದು ಬಾಲ. ಸದಸ್ಯ ರಜೆ ಹಾಕಿದರೆ ಮೊದಲನೇ ಬದಲಿ ಬಂದು ಕೂರಬೇಕು, ಅವನೂ ಸಿಗದಿದ್ದರೆ ಎರಡನೆಯವನು. ಅಸಲಿ ಸದಸ್ಯ ಸಭಾಂಗಣದ ಹೊಸ್ತಿಲು ದಾಟಿದನೋ, ಬದಲಿಯ ಅಧಿಕಾರ ಆ ಗಳಿಗೆಗೇ ಮುಗಿಯಿತು. ಶಾಸನ ಮಾಡುವ ಕಡೆಯೂ ಚಿಂತೆಯೆಲ್ಲ ಆಸನದ್ದೇ.

ನಮ್ಮೂರು ಸೆರ್ರೊ ಮಾನ್ಸೊದ ಕ್ಷೌರಿಕ ಪೊಲಿಕಾರ್ಪೊ ಲೆಮೆಸ್ ಅಂಥ ಎರಡನೇ ಬದಲಿ. ನಮ್ಮಲ್ಲಿ ವಕೀಲರನ್ನೂ ಡಾಕ್ಟರೆಂದೇ ಕರೆಯುವುದು; ಅಂಥ ವಕೀಲ ಡಾಕ್ಟರ್ ಇರಿಸಾರ್ರಿ ಚುನಾವಣೆಗೆ ನಿಂತಾಗ ಪಟ್ಟಿ ತುಂಬಲು ಒಂದು ಹೆಸರು ಕಮ್ಮಿ ಬಿತ್ತು. ಊರಿನ ಗಂಡಸರೆಲ್ಲ ಕತ್ತೊಡ್ಡಿ, ಬಾಯಿ ಮುಚ್ಚಿ, ಎದುರಾಡದೆ ಮಾತು ಕೇಳುವುದು ಯಾರ ಮುಂದೆ? ಪೊಲಿಕಾರ್ಪೊನ ಮುಂದೆ. ಡಾಕ್ಟರು ಅವನ ಹೆಸರು ಹಾಕಿಸಿದರು. ಗೆದ್ದರು. ಮರೆತರು.

ನಮ್ಮೂರಿನ ಪೀಡೆಯೆಂದರೆ ತಾಲಾ ಹೊಳೆ. ಅದು ಉಕ್ಕಿದರೆ ಆಸ್ಪತ್ರೆ ಆಚೆ, ಬಸುರಿಯರು ಈಚೆ. ಪೊಲಿಕಾರ್ಪೊನ ಮಗಳು ಎಲ್ವಿರಾ ಹಿಂದಿನ ಚಳಿಗಾಲದಲ್ಲಿ ದೋಣಿಯಲ್ಲೇ ಹೆತ್ತಿದ್ದಳು. ತಾಯಿ ಮಗು ಉಳಿದದ್ದೇ ಹೆಚ್ಚು. ಬೈಬಲಿನಲ್ಲಿ ಹೊಳೆಯಿಂದ ಎತ್ತಿಕೊಂಡ ಕೂಸಿನ ಹೆಸರನ್ನೇ ಇದಕ್ಕೂ ಇಟ್ಟರು, ಮೊಯ್ಸೆಸ್ ಎಂದು. ಆ ವರ್ಷ ಸೇತುವೆಗೆ ಹಣವೇನೋ ಬಂತು. ಆದರೆ ಡಾಕ್ಟರು ಬರೆದ ಮಸೂದೆಯಲ್ಲಿ ಸೇತುವೆ ಬಂದು ನಿಂತದ್ದು ಊರಿನ ಹತ್ತಿರವಲ್ಲ, ಅವರ ಮಾವನ ದನದ ಎಸ್ಟೇಟಿನ ಹತ್ತಿರ. ಊರಿಗೇ ಆಗಲೆಂದು ಎದುರು ಪಕ್ಷದವರು ತಿದ್ದುಪಡಿ ತಂದರು. ಡಾಕ್ಟರ ಮತವೂ ಸೇರಿದರೆ ಎರಡೂ ಕಡೆಯ ಬಲ ಸರಿಸಮ. ಸಮಸಮವಾದರೆ ತಿದ್ದುಪಡಿ ಬಿದ್ದಂತೆ.

ಮತದಾನ ಹತ್ತಿರ ಬಂದಾಗ ಡಾಕ್ಟರ ಕಾಲಿನ ಹೆಬ್ಬೆರಳು ಊದಿ ಬದನೆಕಾಯಾಯಿತು. ಮೊದಲನೇ ಬದಲಿ ಮದುವೆಯಾಗಿ ಬ್ಯೂನಸ್ ಐರಿಸ್ ಸೇರಿದ್ದ. ಕ್ಷೌರದಂಗಡಿಗೆ ತಂತಿ ಬಂತು.

"ಏನ್ರೀ, ಆ ದೊಡ್ಡೋರ ಮಧ್ಯ ಕೂತ್ಕೊಂಡು ಏನ್ ಮಾಡ್ತೀರಾ?" ಎಂದಳು ಹೆಂಡತಿ ಎಉಲೊಹಿಯಾ, ಕೋಟಿಗೆ ಇಸ್ತ್ರಿ ಹಾಕುತ್ತ.

"ಕೈ ಎತ್ತೋದು ಕಣೆ. ದಿನಾ ಮಾಡೋದೇ ಅದು. ಇಲ್ಲಿ ಕೈಲಿ ಕತ್ತರಿ ಇರುತ್ತೆ, ಅಲ್ಲಿರಲ್ಲ."

"ಯಾರ್ ಕಡೆ ಎತ್ತೀರಿ ಅಂತ ಮೊದ್ಲೇ ಒದರ್ಬೇಡಿ ಮತ್ತೆ. ನಿಮ್ ಬಾಯಿಗೆ ಚಿಲ್ಕಾನೇ ಇಲ್ಲ."

ಒದರಿದ. ರಾಜಧಾನಿ ಮೊಂತೆವಿದೆಯೊದಲ್ಲಿ, ಸಭಾಭವನದ ಅಮೃತಶಿಲೆಯ ಮೊಗಸಾಲೆಯಲ್ಲಿ ಪಕ್ಷದ ಮುಖಂಡ ದೊನ್ ಗುಮೆರ್ಸಿಂದೊ ಹೆಗಲ ಮೇಲೆ ಕೈ ಹಾಕಿ, "ನಾನು ಎತ್ತಿದಾಗ ನೀವೂ ಎತ್ತಿ, ಅಷ್ಟೇ ಕೆಲ್ಸ," ಎಂದದ್ದೇ ತಡ, "ನೀವೇನಾದ್ರೂ ಎತ್ತಿ ದೊನ್ ಗುಮೆರ್ಸಿಂದೊ, ಸೇತುವೆ ಮಾತ್ರ ನಮ್ಮೂರಿಗೇ," ಎಂದುಬಿಟ್ಟ.

ಮುಖಂಡರು ನಗುತ್ತಲೇ ಟೆಲಿಫೋನಿನ ಕಡೆ ನಡೆದು, ರಾಜಧಾನಿಯ ಮನೆಯಲ್ಲೇ ಮಲಗಿದ್ದ ಡಾಕ್ಟರನ್ನು ಹಿಡಿದರು. "ಡಾಕ್ಟ್ರೇ, ಕಾಲು ಹಾಳಾಗ್ಲಿ, ಟ್ಯಾಕ್ಸಿ ಹತ್ತಿ. ನಿಮ್ ಕ್ಷೌರಿಕ ನಮ್ಮನ್ನೇ ಬೋಳಿಸೋಕೆ ನಿಂತಿದಾನೆ."

ಡಾಕ್ಟರು ಬರುವವರೆಗೂ ಸಭೆಯನ್ನು ಎಳೆಯಬೇಕಲ್ಲ. ಮುಖಂಡರ ಕಡೆಯವರು ಒಬ್ಬೊಬ್ಬರಾಗಿ ಎದ್ದು ಸೇತುವೆಯ ಬಗ್ಗೆ ಮಾತಾಡಿದರು, ಆಮೇಲೆ ಹೊಳೆಯ ಬಗ್ಗೆ, ಆಮೇಲೆ ಹೊಳೆಯ ಮೀನುಗಳ ಬಗ್ಗೆ. ಪೊಲಿಕಾರ್ಪೊ ಚರ್ಮದ ಕುರ್ಚಿಯ ತುದಿಯಲ್ಲಿ ಕೂತು ಬಾಗಿಲು ನೋಡಿದ, ಗ್ಯಾಲರಿ ನೋಡಿದ. ಅಲ್ಲಿ ರೈಲು ಹಿಡಿದು ಬಂದ ನಮ್ಮೂರವರೆಲ್ಲ ಕರಿದ ರೊಟ್ಟಿ ಮೆಲ್ಲುತ್ತ, ಒಂದೇ ಸೋರೆಬುರುಡೆಯಿಂದ ‘ಮಾತೆ’ ಎಂಬ ಎಲೆಯ ಕಷಾಯವನ್ನು ಸರದಿಯಲ್ಲಿ ಹೀರುತ್ತಿದ್ದರು. ಕಡೆಗೆ, ಮೀನಿನ ಮೀಸೆಯವರೆಗೆ ಬಂದಿದ್ದ ಭಾಷಣಕಾರರ ಗಂಟಲು ಕೈಕೊಟ್ಟಿತು. ಬೇರೆ ಯಾರೂ ಏಳಲಿಲ್ಲ.

"ತಿದ್ದುಪಡಿಯ ಪರ ಇರೋರು ಕೈ ಎತ್ತಿ," ಎಂದರು ಅಧ್ಯಕ್ಷರು.

ಪೊಲಿಕಾರ್ಪೊ ತೋಳು ಸೆಟೆಸಿ ಎತ್ತಿದ. ಅದೇ ಹೊತ್ತಿಗೆ ಬಾಗಿಲು ದಡಾರನೆ ತೆರೆಯಿತು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಮನೆಯ ಚಪ್ಪಲಿ, ಡಾಕ್ಟರ್ ಇರಿಸಾರ್ರಿ ಕುಂಟುತ್ತ ಒಳಗೆ ಬಂದು, ಬಲಗೈ ಮೇಲೆತ್ತಿ "ನಿಲ್ಸಿ! ನಿಲ್ಸಿ!" ಎಂದು ಕೂಗಿದರು. ಕೂಗು ಯಾರಿಗೂ ಕೇಳಲಿಲ್ಲ. ಅವರ ಎತ್ತಿದ ಕೈ ಕಂಡು ಗ್ಯಾಲರಿ ಚಪ್ಪಾಳೆ ಬಾರಿಸುತ್ತಿತ್ತು.

ಕಾರ್ಯದರ್ಶಿ ನಿಯಮ ಬಿಟ್ಟು ಅಲ್ಲಾಡುವ ಆಸಾಮಿಯಲ್ಲ. ಅಸಲಿ ಸದಸ್ಯರು ಹೊಸ್ತಿಲು ದಾಟಿದ್ದಾರೆ. ಕ್ಷೌರಿಕನ ಕೈ ಈಗ ಬರೀ ಕೈ. ಅದನ್ನು ಬಿಟ್ಟರು. ಅಸಲಿ ಸದಸ್ಯರ ಕೈ ಮೇಲಿದೆ. ಅದನ್ನು ಎಣಿಸಿದರು. ಆ ಒಂದೇ ಕೈಯಿಂದ ತಿದ್ದುಪಡಿ ಗೆದ್ದಿತು.

"ಮರು ಎಣಿಕೆ ಕೇಳ್ರೀ, ಡಾಕ್ಟ್ರೇ!" ಮುಖಂಡರು ಬುಸುಗುಟ್ಟಿದರು.

ಹಾಗೆ ಕೇಳಲು ಸಭೆಯಲ್ಲಿ ಅವಕಾಶವಿತ್ತು. ಅಧ್ಯಕ್ಷರೂ ಕೇಳಿದರು, "ಮಾನ್ಯ ಸದಸ್ಯರು ಏನಾದರೂ ಹೇಳಬೇಕೆ?"

ಡಾಕ್ಟರು ತಲೆಯೆತ್ತಿದರು. ಗ್ಯಾಲರಿಯಲ್ಲಿ ಎಲ್ವಿರಾ ಕೂಸನ್ನು ಎತ್ತಿ ತೋರಿಸುತ್ತಿದ್ದಳು. "ಕಾಲ್ ನೋವಿದ್ರೂ ಬಂದು ಕೈ ಎತ್ತಿದ್ರಲ್ಲಪ್ಪಾ ನಮ್ ಡಾಕ್ಟ್ರು! ಓಟು ಹಾಕಿದ್ದು ಸಾರ್ಥಕ!" ಎಂದು ಎಉಲೊಹಿಯಾ ಕಿರುಚುತ್ತಿದ್ದಳು. ಅವಳಿಗೆ ಏನೂ ಅರ್ಥವಾಗಿರಲಿಲ್ಲವೋ, ಎಲ್ಲವೂ ಅರ್ಥವಾಗಿತ್ತೋ, ನಮ್ಮೂರಲ್ಲಿ ಈಗಲೂ ಎರಡು ಪಕ್ಷ. ಡಾಕ್ಟರಿಗೆ ವೋಟು ಹಾಕುವ ಮುಖಗಳೆಲ್ಲ ಅಲ್ಲಿ ಸಾಲಾಗಿ ಹಲ್ಲು ಕಿರಿದಿದ್ದವು. ಡಾಕ್ಟರು ಆ ಕಡೆಗೊಮ್ಮೆ ಕೈ ಬೀಸಿದರು.

"ಎಣಿಕೆ... ಸರಿಯಾಗಿದೆ, ಅಧ್ಯಕ್ಷರೇ."

ಪೊಲಿಕಾರ್ಪೊ ಆಗಲೇ ಎದ್ದು ಕುರ್ಚಿ ಒರೆಸಿ ತೋರಿಸಿದ, ಅಂಗಡಿಯಲ್ಲಿ ಗಿರಾಕಿಗೆ ತೋರಿಸುವಂತೆ.

"ನನ್ ಕತ್ತು ಕೊಯ್ದ್ರಲ್ರೀ, ದೊನ್ ಪೊಲಿಕಾರ್ಪೊ," ಡಾಕ್ಟರು ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಉಂಟೇ ಡಾಕ್ಟ್ರೇ! ನನ್ ಕೈ ಲೆಕ್ಕಕ್ಕೇ ಬರ್ಲಿಲ್ಲ. ಎಲ್ಲಾ ತಮ್ ಕೈವಾಡ."

ಮುಂದಿನ ಚುನಾವಣೆಯ ಪಟ್ಟಿಯಲ್ಲಿ ಪೊಲಿಕಾರ್ಪೊನ ಹೆಸರಿರಲಿಲ್ಲ. ಅಷ್ಟರೊಳಗೆ ಸೇತುವೆ ಎದ್ದು ನಿಂತಿತ್ತು. ಉದ್ಘಾಟನೆಯಲ್ಲಿ ಡಾಕ್ಟರು ತಮ್ಮ ಬಲಗೈಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಆ ದಿನ ಅದು ತಾನಾಗಿಯೇ ಮೇಲೆದ್ದಿತಂತೆ. ಎಉಲೊಹಿಯಾ ಗಂಡನ ತೋಳು ಚಿವುಟಿದಳು.

"ಹೋಗಿ ನಿಜ ಹೇಳ್ರೀ ಎಲ್ಲರ್ಗೂ."

"ಬಿಡೆ, ಅವ್ರು ಮಾತಾಡ್ಲಿ. ಮುಗಿಯೋದ್ರೊಳಗೆ ನಾವು ದಾಟ್ಬಿಡೋಣ ಬಾ."

ರಿಬ್ಬನ್ನಿನ ಕೆಳಗೆ ತಲೆ ತಗ್ಗಿಸಿ ನುಸುಳಿ, ಇಬ್ಬರೂ ಆಚೆ ದಡಕ್ಕೆ ನಡೆದು ಹೋದರು.