ಈರಪ್ಪ ಕಾಕಾನ ಮೂಲಪುರುಷ

ಈರಪ್ಪ ಕಾಕಾನ ಮನೆಗೆ ಹೋದವರಿಗೆ ಮೊದಲು ಕಾಣುತ್ತಿದ್ದುದು ಗೋಡೆಯ ಮೇಲಿನ ಮೀಸೆ. ಅದರ ಹಿಂದೆ ಒಂದು ಮುಖ, ಮೇಲೆ ಪೇಟ, ಕೈಯಲ್ಲಿ ಲಗಾಮು. ಕುದುರೆಗೆ ಚೌಕಟ್ಟಿನಲ್ಲಿ ಜಾಗ ಸಾಲಲಿಲ್ಲವಂತೆ. ನಮ್ಮೂರು ಸವಣೂರಿನ ಬೋರ್ಡು ಬರೆಯುವ ಪೇಂಟರನಿಂದ ಕಾಕಾ ಬರೆಸಿದ್ದ ಮೂಲಪುರುಷ ಅವನು. ಮುಖಕ್ಕೆ ಮಾದರಿಯಾಗಿ ಕುಳಿತವನು ಕಾಕಾನೇ.

“ನಮ್ಮ ಅಡ್ಡಹೆಸರು ಹಾನಗಲ್ಲ. ಅಂದ್ರ ಹಾನಗಲ್ಲ ಪೂರಾ ನಮ್ದ ಇತ್ತು. ನಮ್ಮ ಹಿರ್ಯಾ ಅಲ್ಲಿಂದ ಕುದರಿ ಮ್ಯಾಲ ಬಂದಾನ,” ಎನ್ನುತ್ತ ನಮ್ಮ ಓಣಿಯ ಈ ಸರದಾರ ತನ್ನ ಅಂಗಡಿಯಲ್ಲಿ ಖಾರ ಕಟ್ಟಿಕೊಡುತ್ತಿದ್ದ.

ನಾವು ನಗುತ್ತಿದ್ದೆವು. ಆದರೆ ಕಾಕಾನಿಗೆ ಒಡಹುಟ್ಟಿದವರಿಲ್ಲ, ಮಕ್ಕಳಿಲ್ಲ, ಕಾಕುವೂ ತೀರಿಕೊಂಡಿದ್ದಳು. ಊರಲ್ಲಿ ಆ ಅಡ್ಡಹೆಸರಿನ ಇನ್ನೊಂದು ಮನೆಯಿರಲಿಲ್ಲ. “ನಾ ಸತ್ರ ಮಣ್ಣಿಗೆ ನಮ್ಮವರು ಅಂತ ಒಬ್ಬರಾರ ಬರಬೇಕಲ್ಲೋ,” ಎಂದು ಒಮ್ಮೆ ಅಂದಿದ್ದ.

ಹೀಗೆ ಅದೇ ಅಡ್ಡಹೆಸರಿನ ಅಣ್ಣತಮ್ಮಂದಿರನ್ನು, ಅಂದರೆ ದಾಯಾದಿಗಳನ್ನು, ಹುಡುಕಲು ನನ್ನನ್ನೂ ಎಳೆದುಕೊಂಡು ಹಾನಗಲ್ಲಿಗೆ ಹೊರಟ. ಬಸ್ಸಿಳಿದವನೇ ಚಹಾದಂಗಡಿಯಲ್ಲಿ ಗತ್ತಿನಿಂದ ಕೇಳಿದ: “ಇಲ್ಲಿ ಹಾನಗಲ್ಲ ಅನ್ನೋರ ಮನಿ ಎಲ್ಲೈತ್ರಿ?”

ಚಹಾದವನು ಸೋಸುವುದನ್ನು ನಿಲ್ಲಿಸಿದ. “ಹಾನಗಲ್ಲದಾಗ ಯಾರ್ರೀ ಹಾನಗಲ್ಲ ಅಂತ ಇರ್ತಾರ? ಊರು ಬಿಟ್ಟವರಿಗೆ, ಹೋದ ಊರಾಗ ಹಂಗ ಕರೀತಾರ. ಸವಣೂರ ಅನ್ನೋರು ಅದಾರ, ತೋರಸ್ಲೇನ್ರಿ?”

ಕಾಕಾನ ಮುಖ ಇಳಿಯಿತು. ವಾಪಸು ಬಸ್ಸಿಗೆ ಇನ್ನೂ ಹೊತ್ತಿತ್ತು, ಅವನು ತೋರಿಸಿದ ಮನೆಗೆ ಹೋದೆವು. ಗಾದಿ ಹೊಲಿಯುವ ದಸ್ತಗೀರಸಾಬ ಸವಣೂರ ಅವರು ನಮ್ಮನ್ನು ಕೂಡ್ರಿಸಿ, ಚಹಾ ಕೊಟ್ಟು ಶುರುಮಾಡಿದರು: “ನಮ್ಮ ಹಿರ್ಯಾ ಸವಣೂರಿಂದ ಕುದರಿ ಮ್ಯಾಲ ಬಂದಾನ್ರಿ. ಸವಣೂರು ಅರ್ಧಾ ನಮ್ದ ಇತ್ತು.”

ಅರ್ಧ ಎಂದದ್ದು ಅವರ ಸೌಜನ್ಯ. ಕಾಕಾ ನೆಟ್ಟಗೆ ಕುಳಿತ. “ನಮ್ಮಾಂವ ಆ ಕಡೆ ಹೊಂಟಿದ್ದ, ನಿಮ್ಮಾಂವ ಈ ಕಡೆ. ಹಾದ್ಯಾಗ ಭೆಟ್ಟಿ ಆಗಿರಬೇಕ್ರಿ.”

ಯಾರ ಕುದುರೆ ಎತ್ತರ ಎಂದು ಸಂಜೆಯವರೆಗೆ ಇಬ್ಬರೂ ಜಗಳಾಡಿದರು. ಆಮೇಲೆ ಫೋನಿನಲ್ಲೂ ಅದೇ ಜಗಳ ನಡೆಯಿತು. ಎರಡು ಮನೆತನಗಳಲ್ಲೂ ಒಂದು ಕತ್ತೆಯಾದರೂ ಇತ್ತೇ ಎಂಬ ಅನುಮಾನ ನನಗೆ ಈಗಲೂ ಇದೆ.

ಹೋದ ವರ್ಷ ಕಾಕಾ ಹೋದ. ಓಣಿಗೆ ಓಣಿಯೇ ಮಣ್ಣಿಗೆ ಬಂದಿತ್ತು. ಕುಣಿಯ ಹತ್ತಿರ ಕ್ರಿಯೆ ನಡೆಸುತ್ತಿದ್ದ ಅಯ್ಯನವರು, “ಮನಿತನದವರು ಯಾರ ಅದೀರಿ, ಮುಂದ ಬರ್ರಿ,” ಎಂದರು.

ನಾನು ಸುದ್ದಿ ಮುಟ್ಟಿಸಿದ್ದಕ್ಕೆ ಹಾನಗಲ್ಲಿನಿಂದ ಬಂದಿದ್ದ ದಸ್ತಗೀರಸಾಬರು ಟೋಪಿ ಸರಿಮಾಡಿಕೊಂಡು ಮುಂದೆ ಬಂದರು. “ನಾ ಅದೀನ್ರಿ. ಅಣ್ಣತಮ್ಮರು. ಊರು ಅದಲಿಬದಲಿ ಆಗ್ಯಾವ, ಅಷ್ಟ.”

ಅಯ್ಯನವರು ಮೊದಲ ಹಿಡಿ ಮಣ್ಣನ್ನು ಅವರಿಂದಲೇ ಹಾಕಿಸಿದರು.